ಕರ್ಣನ ಪರ ನಿಂತ ಪ್ರೂಫ್‌ರೀಡರ್: ಮಲಯಾಳಂ ವಿಮರ್ಶಕ ಕುಟ್ಟಿಕೃಷ್ಣ ಮಾರಾರ್ ಯಾರು?

ಕರ್ಣ ದೊಡ್ಡವನೋ, ಅರ್ಜುನ ದೊಡ್ಡವನೋ? ಮಹಾಭಾರತದ ಮೇಲೆ ಒಂದು ಸಿನಿಮಾನೋ ಸೀರಿಯಲ್ಲೋ ಬಂದರೆ ಸಾಕು, ಈ ಜಗಳ ಮತ್ತೆ ಶುರುವಾಗುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ಎರಡು ಪಕ್ಷ ಆಗುತ್ತದೆ. ಒಬ್ಬರು ವಿರಾಟಪರ್ವದ ಸೋಲನ್ನು ನೆನಪಿಸುತ್ತಾರೆ, ಇನ್ನೊಬ್ಬರು ಕವಚ ಕುಂಡಲ ಎನ್ನುತ್ತಾರೆ. ಕೇರಳದವರು ಈ ಜಗಳಕ್ಕೆ ಇಳಿದರೆ ಮಾತಿನ ಮಧ್ಯೆ ಒಂದು ಹೆಸರು ಬಂದೇ ಬರುತ್ತದೆ: ಕುಟ್ಟಿಕೃಷ್ಣ ಮಾರಾರ್.

2024ರ ಡಿಸೆಂಬರ್‌ನಲ್ಲಿ ಎಂ.ಟಿ. ವಾಸುದೇವನ್ ನಾಯರ್ ತೀರಿಕೊಂಡಾಗ, ಭೀಮನ ಕಣ್ಣಿಂದ ಭಾರತ ಹೇಳಿದ ಅವರ ಕಾದಂಬರಿ ‘ರಂಡಾಮೂಳಂ’ ಮತ್ತೆ ಮಾತಿಗೆ ಬಂತು. ಆ ಕಾದಂಬರಿ ಬಂದದ್ದು 1984ರಲ್ಲಿ. ಅದಕ್ಕೂ ಮೂವತ್ತು ವರ್ಷಕ್ಕಿಂತ ಹಿಂದೆ, 1950ರಲ್ಲೇ, ಮಹಾಭಾರತದ ಪಾತ್ರಗಳನ್ನು ದೇವರ ಪಟದ ಚೌಕಟ್ಟಿನಿಂದ ಹೊರಗೆ ತಂದು ಮನುಷ್ಯರಂತೆ ನೋಡಿದ ಒಂದು ವಿಮರ್ಶೆಯ ಪುಸ್ತಕ ಮಲಯಾಳಂನಲ್ಲಿ ಬಂದಿತ್ತು. ಅದರ ಹೆಸರು ‘ಭಾರತಪರ್ಯಟನಂ’. ಬರೆದವರು ಕಾಲೇಜಿನ ಪ್ರೊಫೆಸರ್ ಅಲ್ಲ. ಕೋಳಿಕ್ಕೋಡಿನ ಒಂದು ಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದ ಸಂಸ್ಕೃತ ಪಂಡಿತ.

ಇವರು ಯಾರು, ಏನು ಹೇಳಿದರು, ಅದು ಯಾಕೆ ಅಷ್ಟು ದೊಡ್ಡ ಮಾತಾಯಿತು? ಮಲಯಾಳಂ ಸಾಹಿತ್ಯದ ಪರಿಚಯ ಇಲ್ಲದವರಿಗೂ ಅರ್ಥವಾಗುವ ಹಾಗೆ ಬುಡದಿಂದ ನೋಡೋಣ.

ವಿಮರ್ಶಕರು ಮಾಡುವ ಕೆಲಸ ಏನು?

ವಿಮರ್ಶೆ ಅಂದರೆ ತಪ್ಪು ಹುಡುಕುವುದು ಅಂತ ತುಂಬ ಜನ ತಿಳಿದಿದ್ದಾರೆ. ಪುಸ್ತಕ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಪು ಕೊಡುವುದು ಅದರ ಒಂದು ಭಾಗ ಮಾತ್ರ. ಒಂದು ಕೃತಿ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ತೋರಿಸುವುದು, ನಾವು ಗಮನಿಸದೆ ದಾಟಿಹೋದ ಸಾಲನ್ನು ಬೆರಳಿಟ್ಟು ತೋರಿಸುವುದು, ಹಳೆಯ ಪುಸ್ತಕಕ್ಕೆ ಹೊಸ ಪ್ರಶ್ನೆ ಕೇಳುವುದು ಇವೆಲ್ಲ ವಿಮರ್ಶೆಯೇ.

ಇದರಲ್ಲಿ ಎರಡು ದಾರಿಗಳಿವೆ. ಒಂದು, ಕೃತಿಯನ್ನು ಈಗಾಗಲೇ ಇರುವ ಅಳತೆಗೋಲಿಗೆ ಹಿಡಿದು ನೋಡುವುದು. ಅಲಂಕಾರ ಸರಿಯಾಗಿದೆಯೇ, ಛಂದಸ್ಸು ಸರಿಯಾಗಿದೆಯೇ, ರಸ ಯಾವುದು ಇತ್ಯಾದಿ. ಸಂಸ್ಕೃತ ಕಾವ್ಯಶಾಸ್ತ್ರದ ದಾರಿ ಇದು. ಇನ್ನೊಂದು, ಕೃತಿಯೊಳಗಿನ ಬದುಕನ್ನು ಹಿಡಿದು ಪ್ರಶ್ನಿಸುವುದು. ಈ ಪಾತ್ರ ಹೀಗೆ ಯಾಕೆ ನಡೆದುಕೊಂಡಿತು? ಕವಿ ಯಾರ ಪರ ಇದ್ದಾನೆ? ಅದು ನನಗೆ ಒಪ್ಪಿಗೆಯೇ?

ಮಾರಾರ್ ಮೊದಲ ದಾರಿಯಲ್ಲಿ ತಯಾರಾಗಿ ಎರಡನೆಯ ದಾರಿ ಹಿಡಿದವರು. ಅವರ ವಿಶೇಷ ಇರುವುದು ಇಲ್ಲೇ.

ತೃಪ್ರಂಗೋಡಿನ ಹುಡುಗ

ಮಾರಾರ್ ಹುಟ್ಟಿದ್ದು 1900ರ ಜೂನ್ 14ರಂದು, ತಿರೂರು ಹತ್ತಿರದ ತೃಪ್ರಂಗೋಡು ಎಂಬ ಊರಿನಲ್ಲಿ. ಈಗ ಅದು ಮಲಪ್ಪುರಂ ಜಿಲ್ಲೆ. ಆಗ ಮದ್ರಾಸ್ ಪ್ರಾಂತ್ಯದ ಮಲಬಾರ್. ಮಾರ್ಕಂಡೇಯನ ಕಥೆಯೊಂದಿಗೆ ಜೋಡಿಸಿಕೊಂಡ ಶಿವ ದೇವಸ್ಥಾನ ಇರುವ ಊರು.

ಮಾರಾರ್ ಎಂಬುದು ಅವರ ಸಮುದಾಯದ ಹೆಸರು. ಕೇರಳದ ದೇವಸ್ಥಾನಗಳಲ್ಲಿ ಚೆಂಡೆ, ಇಡಕ್ಕ, ತಿಮಿಲ ನುಡಿಸುವುದು, ಪೂಜೆಯ ಹೊತ್ತಿಗೆ ಗರ್ಭಗುಡಿಯ ಮೆಟ್ಟಿಲ ಬಳಿ ನಿಂತು ಹಾಡುವುದು ಈ ಸಮುದಾಯದ ಕುಲಕಸುಬು. ಇಂಥ ಮನೆಯ ಹುಡುಗ ಸಂಸ್ಕೃತದ ಕಡೆ ಹೊರಳಿ ಪಟ್ಟಾಂಬಿಗೆ ಹೋದರು. ಅಲ್ಲಿ ಪುನ್ನಶ್ಶೇರಿ ನೀಲಕಂಠ ಶರ್ಮ ಎಂಬ ದೊಡ್ಡ ಗುರುಗಳು ಸಂಸ್ಕೃತ ಪಾಠಶಾಲೆ ನಡೆಸುತ್ತಿದ್ದರು. ಅಲ್ಲಿ ಓದಿ ಮಾರಾರ್ ಸಾಹಿತ್ಯ ಶಿರೋಮಣಿ ಪರೀಕ್ಷೆ ಪಾಸಾದರು.

ಇದನ್ನು ಯಾಕೆ ಹೇಳಬೇಕು ಅಂದರೆ, ಆ ಕಾಲದ ಬೇರೆ ಹೊಸ ವಿಮರ್ಶಕರ ದಾರಿ ಬೇರೆ ಇತ್ತು. ಎಂ.ಪಿ. ಪೋಳ್ ಇಂಗ್ಲಿಷ್ ಸಾಹಿತ್ಯ ಓದಿ ಕಾದಂಬರಿ, ಸಣ್ಣಕಥೆಗಳ ಬಗ್ಗೆ ಬರೆದವರು. ವೈಕ್ಕಂ ಮುಹಮ್ಮದ್ ಬಷೀರರ ಕಾದಂಬರಿ ‘ಬಾಲ್ಯಕಾಲಸಖಿ’ಗೆ ಮುನ್ನುಡಿ ಬರೆದು, ಇದು ಬದುಕಿನಿಂದ ಕಿತ್ತುಕೊಂಡ ಹಾಳೆ, ಅಂಚಿನಲ್ಲಿ ರಕ್ತ ಒಸರುತ್ತಿದೆ ಎಂಬರ್ಥದ ಮಾತು ಹೇಳಿದವರು ಇವರೇ. ಕೇಸರಿ ಬಾಲಕೃಷ್ಣ ಪಿಳ್ಳೆ ತಿರುವನಂತಪುರದಲ್ಲಿ ಕೂತು ಯುರೋಪಿನ ಸಾಹಿತ್ಯವನ್ನು ಮಲಯಾಳಿಗಳ ಮುಂದೆ ಸುರಿದರು. ಜೋಸೆಫ್ ಮುಂಡಶ್ಶೇರಿ ತ್ರಿಶ್ಶೂರಿನಲ್ಲಿ ಕಾಲೇಜು ಮೇಷ್ಟ್ರು. ಮುಂದೆ 1957ರಲ್ಲಿ ಕೇರಳದ ಮೊದಲ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯೂ ಆದರು. ಮಲಯಾಳಂ ವಿಮರ್ಶೆಯ ಮಾತು ಬಂದಾಗ ಈ ಮೂವರ ಜೊತೆ ನಾಲ್ಕನೆಯವರಾಗಿ ಮಾರಾರರ ಹೆಸರು ಬರುತ್ತದೆ. ಹೊಸ ಪ್ರಶ್ನೆ ಕೇಳಲು ಅವರು ಹೊರಗಿನಿಂದ ಉಪಕರಣ ತರಲಿಲ್ಲ. ವ್ಯಾಸ, ವಾಲ್ಮೀಕಿ, ಕಾಳಿದಾಸರನ್ನು ಮೂಲದಲ್ಲೇ ಓದಿ, ಆ ಓದಿನಿಂದಲೇ ಪ್ರಶ್ನೆ ಎತ್ತಿದರು.

ಅದಕ್ಕೂ ಮೊದಲಿನ ದೊಡ್ಡ ಜಗಳ

ಮಾರಾರ್ ಬರುವ ಮೊದಲು ಮಲಯಾಳಂ ಸಾಹಿತ್ಯದ ಚರ್ಚೆ ಯಾವ ಮಟ್ಟದಲ್ಲಿತ್ತು ಎಂದು ತಿಳಿಯಲು ಒಂದೇ ಉದಾಹರಣೆ ಸಾಕು. 19ನೇ ಶತಮಾನದ ಕೊನೆಗೆ ಶುರುವಾಗಿ 20ನೇ ಶತಮಾನದ ಆರಂಭದವರೆಗೆ ಅಲ್ಲಿನ ಕವಿಗಳು ದ್ವಿತೀಯಾಕ್ಷರ ಪ್ರಾಸ ಬೇಕೋ ಬೇಡವೋ ಎಂದು ಬಡಿದಾಡಿದರು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕು ಎಂಬ ನಿಯಮ ಇದು. ಬೇಕೇ ಬೇಕು ಅಂದವರು ಕೇರಳವರ್ಮ ವಲಿಯ ಕೋಯಿತ್ತಂಪುರಾನ್. ಬೇಡ ಅಂದವರು ಅವರ ಸೋದರಳಿಯನೇ ಆದ ಎ.ಆರ್. ರಾಜರಾಜವರ್ಮ. ಮಾವ ಅಳಿಯನ ಈ ಜಗಳದಲ್ಲಿ ಇಡೀ ಸಾಹಿತ್ಯಲೋಕ ಎರಡಾಯಿತು.

ನಮಗೆ ಇದು ಅಪರಿಚಿತ ವಿಷಯವೇನಲ್ಲ. ಇದೇ ಪ್ರಾಸವನ್ನು ಕನ್ನಡದಲ್ಲಿ ಕೈಬಿಟ್ಟವರು ಮಂಜೇಶ್ವರದ ಗೋವಿಂದ ಪೈಗಳು, 1911ರಲ್ಲಿ. ಮಂಜೇಶ್ವರ ಇವತ್ತು ಕೇರಳದಲ್ಲೇ ಇದೆ.

ಚರ್ಚೆ ಪದ್ಯದ ಹೊರಮೈಯ ಬಗ್ಗೆಯೇ ಜಾಸ್ತಿ ಇತ್ತು. ಪಾತ್ರದ ಮನಸ್ಸು, ಕೃತಿಯ ನೈತಿಕತೆ, ಕವಿಯ ನಿಲುವು ಇವನ್ನೆಲ್ಲ ಹಿಡಿದು ಜಗಳವಾಡುವ ಕಾಲ ಇನ್ನೂ ಬರಬೇಕಿತ್ತು.

ಪ್ರೂಫ್ ಮೇಜಿನ ಮೇಲೆ

ಓದು ಮುಗಿದ ಮೇಲೆ ಮಾರಾರ್ ಹಲವು ವರ್ಷ ಮಹಾಕವಿ ವಳ್ಳತ್ತೋಳ್ ನಾರಾಯಣ ಮೇನೋನರ ಜೊತೆಗಿದ್ದರು. ವಳ್ಳತ್ತೋಳರ ಪುಸ್ತಕಗಳ ಕೆಲಸ ನೋಡಿಕೊಂಡರು. ಕಥಕಳಿ ಉಳಿಸಲು ವಳ್ಳತ್ತೋಳ್ 1930ರಲ್ಲಿ ಕಲಾಮಂಡಲಂ ಕಟ್ಟಿದಾಗ ಅಲ್ಲಿ ಸ್ವಲ್ಪ ಕಾಲ ಸಾಹಿತ್ಯ ಪಾಠವನ್ನೂ ಮಾಡಿದರು.

1938ರಲ್ಲಿ ಕೋಳಿಕ್ಕೋಡಿನ ‘ಮಾತೃಭೂಮಿ’ ಸೇರಿದರು. 1923ರಲ್ಲಿ ಸ್ವಾತಂತ್ರ್ಯ ಚಳವಳಿಯ ಜೊತೆಗೇ ಹುಟ್ಟಿದ ಪತ್ರಿಕೆ ಅದು. ಕೆಲಸ ಪ್ರೂಫ್‌ರೀಡಿಂಗ್. ಅಚ್ಚಿಗೆ ಹೋಗುವ ಮೊದಲು ಕರಡು ಹಾಳೆಯಲ್ಲಿ ಅಕ್ಷರ ತಪ್ಪು, ಪದ ತಪ್ಪು, ವಾಕ್ಯ ತಪ್ಪು ಹುಡುಕಿ ಗುರುತು ಹಾಕುವುದು. 1961ರವರೆಗೆ, ಅಂದರೆ 23 ವರ್ಷ, ಇದೇ ಉದ್ಯೋಗ.

ಮೇಲ್ನೋಟಕ್ಕೆ ಇದು ಪಂಡಿತನಿಗೆ ತಕ್ಕ ಕೆಲಸ ಅಲ್ಲ ಅನ್ನಿಸಬಹುದು. ಆದರೆ ಈ ಕೆಲಸದಲ್ಲಿ ಇರುವವರ ಕಣ್ಣು ಬೇರೆ ತರ. ಓದುಗರು ಅರ್ಥ ಹಿಡಿದು ಓಡುತ್ತಾರೆ, ಪ್ರೂಫ್‌ರೀಡರ್ ಪ್ರತಿ ಪದದಲ್ಲಿ ನಿಲ್ಲುತ್ತಾರೆ. ಇಲ್ಲಿ ಬರೆದಿರುವುದು ನಿಜವಾಗಿ ಏನು, ನಾನು ಅಂದುಕೊಂಡಿರುವುದು ಏನು ಎಂದು ಬೇರೆ ಬೇರೆ ಮಾಡಿ ನೋಡುವ ಅಭ್ಯಾಸ ಅವರಿಗೆ ಇರುತ್ತದೆ. ಮಾರಾರರ ವಿಮರ್ಶೆ ಓದಿದವರಿಗೆ ಈ ಅಭ್ಯಾಸ ಅಲ್ಲಿ ಕಂಡೇ ಕಾಣುತ್ತದೆ ಎಂಬುದು ನನ್ನ ಅನಿಸಿಕೆ.

ಭಾಷೆಯ ಬಗ್ಗೆಯೇ ಅವರು ಬರೆದ ಪುಸ್ತಕ ‘ಮಲಯಾಳಶೈಲಿ’, 1942ರದ್ದು. ಮಲಯಾಳಂ ಗದ್ಯ ಹೇಗಿರಬೇಕು, ಬರೆಯುವವರು ಎಲ್ಲೆಲ್ಲಿ ಎಡವುತ್ತಾರೆ ಎಂದು ಉದಾಹರಣೆ ಸಮೇತ ತೋರಿಸುವ ಪುಸ್ತಕ. ಇವತ್ತಿಗೂ ಮಲಯಾಳಂ ಪತ್ರಕರ್ತರು, ಮೇಷ್ಟ್ರುಗಳು ಇದರ ಹೆಸರು ಹೇಳುತ್ತಾರೆ. ಛಂದಸ್ಸಿನ ಮೇಲೆ ‘ವೃತ್ತಶಿಲ್ಪಂ’, ಅಲಂಕಾರದ ಮೇಲೆ ‘ಸಾಹಿತ್ಯಭೂಷಣಂ’ ಬರೆದರು. ರಘುವಂಶ, ಕುಮಾರಸಂಭವ, ಮೇಘದೂತ, ಶಾಕುಂತಲಗಳನ್ನು ಸಂಸ್ಕೃತ ಬಾರದವರಿಗಾಗಿ ಮಲಯಾಳಂ ಗದ್ಯಕ್ಕೆ ತಂದರು.

ಭಾರತಪರ್ಯಟನಂ: ಆ ಪುಸ್ತಕದಲ್ಲಿ ಅಂಥದ್ದೇನಿದೆ?

ಮೊದಲು ಒಂದು ಹಿನ್ನೆಲೆ. ಮಲಯಾಳಿಗಳಿಗೆ ಮಹಾಭಾರತ ಬಂದದ್ದು ಬೇರೆ ಬೇರೆ ದಾರಿಗಳಲ್ಲಿ. ಮನೆಮನೆಯಲ್ಲಿ ಓದಿದ್ದು ಎಳುತ್ತಚ್ಛನ್ ಅವರ ಭಾರತಂ ಕಿಳಿಪ್ಪಾಟ್ಟು. ಗಿಳಿ ಕಥೆ ಹೇಳುವ ರೂಪದಲ್ಲಿರುವ, ಭಕ್ತಿ ತುಂಬಿದ ಕಾವ್ಯ. ಅಲ್ಲಿ ಕೃಷ್ಣ ದೇವರು, ಪಾಂಡವರು ದೇವರ ಮಕ್ಕಳು. ಕಥಕಳಿ ರಂಗದಲ್ಲೂ ಪಾಂಡವರದ್ದು ಹಸಿರು ಬಣ್ಣದ ವೇಷ, ದುರ್ಯೋಧನನದ್ದು ಕತ್ತಿವೇಷ. ವೇಷ ನೋಡಿದ ಕೂಡಲೇ ಯಾರು ಒಳ್ಳೆಯವರು ಅಂತ ಗೊತ್ತಾಗುತ್ತದೆ. ಆಮೇಲೆ, 20ನೇ ಶತಮಾನದ ಶುರುವಿನಲ್ಲಿ, ಕೊಡುಂಗಲ್ಲೂರಿನ ಕುಂಞಿಕುಟ್ಟನ್ ತಂಪುರಾನ್ ಇಡೀ ವ್ಯಾಸಭಾರತವನ್ನು ಒಬ್ಬರೇ ಕೂತು 874 ದಿನಗಳಲ್ಲಿ ಮಲಯಾಳಂ ಪದ್ಯಕ್ಕೆ ತಂದರು. ಲಕ್ಷ ಶ್ಲೋಕದ ಗ್ರಂಥ! ಆ ಅನುವಾದದಿಂದ ಒಂದು ಅನುಕೂಲ ಆಯಿತು. ವ್ಯಾಸ ನಿಜವಾಗಿ ಏನು ಹೇಳಿದ್ದಾನೆ ಎಂದು ಯಾರು ಬೇಕಾದರೂ ತೆಗೆದು ನೋಡುವಂತಾಯಿತು.

ಮಾರಾರ್ ಮಾಡಿದ್ದು ಇಷ್ಟೇ: ವ್ಯಾಸನ ಮೂಲವನ್ನು ಮುಂದಿಟ್ಟುಕೊಂಡು, ಪಾಂಡವರು ಧರ್ಮ, ಕೌರವರು ಅಧರ್ಮ ಎಂಬ ಸಿದ್ಧ ಉತ್ತರವನ್ನು ಪಕ್ಕಕ್ಕಿಟ್ಟು, ಒಂದೊಂದು ಸನ್ನಿವೇಶವನ್ನು ಹೊಸದಾಗಿ ಓದಿದರು. ಪಾತ್ರಗಳನ್ನು ಅವತಾರ ಎಂದೋ ಕಲಿಯ ಅಂಶ ಎಂದೋ ನೋಡಲಿಲ್ಲ. ಮನುಷ್ಯರು ಎಂದು ನೋಡಿದರು. ಈ ಓದಿನಲ್ಲಿ ಕರ್ಣ ಎತ್ತರಕ್ಕೆ ಏರಿದ. ದುರ್ಯೋಧನ, ಅಶ್ವತ್ಥಾಮರಿಗೂ ತಮ್ಮ ಮಾತು ಹೇಳುವ ಜಾಗ ಸಿಕ್ಕಿತು.

ಇದು ಸುಮ್ನೆ ಖಳನಾಯಕನನ್ನು ನಾಯಕ ಮಾಡುವ ಚಮತ್ಕಾರ ಅಲ್ವಾ ಅಂತ ಕೇಳಬಹುದು. ಅಲ್ಲ. ಯಾಕೆಂದರೆ ಇಂಥ ಓದಿಗೆ ಆಧಾರ ವ್ಯಾಸನಲ್ಲೇ ಇದೆ. ಕೆಲವು ಜಾಗಗಳನ್ನು ನೋಡೋಣ.

ಆದಿಪರ್ವದಲ್ಲಿ ರಾಜಕುಮಾರರ ಬಿಲ್ಲುವಿದ್ಯೆಯ ಪ್ರದರ್ಶನ ನಡೆಯುತ್ತದೆ. ಕರ್ಣ ಬಂದು ಅರ್ಜುನನಿಗೆ ಸವಾಲು ಹಾಕುತ್ತಾನೆ. ಕೃಪ ಅವನ ಕುಲ ಕೇಳುತ್ತಾನೆ. ಕರ್ಣ ತಲೆ ತಗ್ಗಿಸುತ್ತಾನೆ. ಕರ್ಣನನ್ನು ಸಾಕಿದ ಮುದುಕ ಸಾರಥಿ ಅಧಿರಥ ಬಂದು ಮಗನೇ ಎಂದಾಗ ಭೀಮ, ಚಾಟಿ ಹಿಡಿ ಹೋಗು ಎಂದು ಹೀಯಾಳಿಸುತ್ತಾನೆ. ಆಗ ದುರ್ಯೋಧನ ಕೊಡುವ ಉತ್ತರ ಗಮನಿಸಬೇಕು: ಶೂರರ ಮೂಲವನ್ನೂ ನದಿಗಳ ಮೂಲವನ್ನೂ ತಿಳಿಯುವುದು ಕಷ್ಟ. ದ್ರೋಣ ಹುಟ್ಟಿದ್ದು ಕೊಡದಲ್ಲಿ, ಕೃಪ ಹುಟ್ಟಿದ್ದು ಜೊಂಡಿನಲ್ಲಿ, ಕುಲದ ಮಾತು ಯಾರು ಯಾರಿಗೆ ಕೇಳುವುದು? ಇಡೀ ಸಭೆಯಲ್ಲಿ ಹುಟ್ಟಿಗಿಂತ ಗುಣ ದೊಡ್ಡದು ಎಂದು ಹೇಳಿದವನು, ನಾವು ದುಷ್ಟ ಎಂದು ಕರೆಯುವ ದುರ್ಯೋಧನ ಒಬ್ಬನೇ.

ಉದ್ಯೋಗಪರ್ವದಲ್ಲಿ ಸಂಧಾನ ಮುರಿದು ಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥ ಹತ್ತಿಸಿಕೊಂಡು ಹೋಗಿ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನೇ ಹಿರಿಯ, ರಾಜ್ಯ ನಿನ್ನದೇ, ಬಾ ಎನ್ನುತ್ತಾನೆ. ಕರ್ಣ ಬರುವುದಿಲ್ಲ. ಅಷ್ಟೇ ಅಲ್ಲ, ಈ ವಿಷಯ ಯುಧಿಷ್ಠಿರನಿಗೆ ಹೇಳಬೇಡ ಎಂದು ಕೇಳಿಕೊಳ್ಳುತ್ತಾನೆ. ಗೊತ್ತಾದರೆ ಅವನು ರಾಜ್ಯವನ್ನು ನನಗೆ ಕೊಟ್ಟುಬಿಡುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಎನ್ನುವುದು ಅವನು ಕೊಡುವ ಕಾರಣ. ತನ್ನ ಋಣವನ್ನೂ ತಮ್ಮನ ಗುಣವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಳ್ಳುವ ಮಾತು ಇದು.

ಇನ್ನು ಶಲ್ಯಪರ್ವ. ತೊಡೆ ಮುರಿದು ಬಿದ್ದ ದುರ್ಯೋಧನ, ನಾನು ಓದಿದೆ, ದಾನ ಕೊಟ್ಟೆ, ಭೂಮಿ ಆಳಿದೆ, ಕ್ಷತ್ರಿಯನಂತೆ ಸಾಯುತ್ತಿದ್ದೇನೆ, ನನಗಿಂತ ಒಳ್ಳೆಯ ಅಂತ್ಯ ಯಾರಿಗಿದೆ ಎಂದು ಕೇಳುತ್ತಾನೆ. ಆಗ ಆಕಾಶದಿಂದ ಹೂಮಳೆ ಬೀಳುತ್ತದೆ. ಯಾರ ಮೇಲೆ? ಗೆದ್ದ ಭೀಮನ ಮೇಲಲ್ಲ, ಬಿದ್ದವನ ಮೇಲೆ! ಅದನ್ನು ನೋಡಿ ಪಾಂಡವರು ನಾಚಿದರು ಎಂದೂ ವ್ಯಾಸ ಬರೆಯುತ್ತಾನೆ. ಕೌರವರ ಕಡೆಯ ವೀರರನ್ನು ನೇರ ಯುದ್ಧದಲ್ಲಿ ಗೆಲ್ಲಲು ಆಗುತ್ತಿರಲಿಲ್ಲ ಎಂದು ಕೃಷ್ಣನೇ ಹೇಳುತ್ತಾನೆ. ಕೊನೆಗೆ ಸ್ವರ್ಗಕ್ಕೆ ಹೋದ ಯುಧಿಷ್ಠಿರನಿಗೆ ಮೊದಲು ಕಾಣುವುದು ಸಿಂಹಾಸನದ ಮೇಲೆ ಹೊಳೆಯುತ್ತ ಕೂತ ಅದೇ ದುರ್ಯೋಧನ.

ಇವೆಲ್ಲ ಬೇರೆ ಯಾರೋ ಸೇರಿಸಿ ಹೇಳುವ ಮಾತಲ್ಲ, ಗ್ರಂಥದಲ್ಲೇ ಇವೆ. ಭಕ್ತಿಯ ಓದಿನಲ್ಲಿ ಕಣ್ಣು ಇವುಗಳ ಮೇಲೆ ನಿಲ್ಲುವುದಿಲ್ಲ, ಅಷ್ಟೇ.

ಯುದ್ಧ ಮುಗಿದ ಮೇಲಿನ ಭಾಗವಂತೂ ಮಾರಾರರ ಬರವಣಿಗೆಗೆ ಹೇಳಿ ಮಾಡಿಸಿದಂಥದ್ದು. ಕೇರಳದ ಹತ್ತನೇ ತರಗತಿಯ ಮಲಯಾಳಂ ಪಠ್ಯದಲ್ಲಿ ‘ಯುದ್ಧತ್ತಿಂಡೆ ಪರಿಣಾಮಂ’ ಎಂಬ ಹೆಸರಿನಲ್ಲಿ ಮಕ್ಕಳು ಓದಿರುವುದು ಈ ಪುಸ್ತಕದ ಭಾಗವನ್ನೇ. ಅಶ್ವತ್ಥಾಮ ರಾತ್ರಿ ಶಿಬಿರಕ್ಕೆ ನುಗ್ಗಿ ಮಲಗಿದ್ದವರನ್ನು ಕೊಲ್ಲುವ ಸೌಪ್ತಿಕಪರ್ವದ ಕಥೆ ಅದು. ದ್ರೌಪದಿಯ ಐದೂ ಮಕ್ಕಳು ಸಾಯುತ್ತಾರೆ. ಗೆದ್ದವರಿಗೆ ಗೆಲುವು ಒಂದು ರಾತ್ರಿಯೂ ಉಳಿಯುವುದಿಲ್ಲ. ಸೋತವನು ಆ ಸುದ್ದಿ ಕೇಳಿ ತೃಪ್ತಿಯಿಂದ ಪ್ರಾಣ ಬಿಡುತ್ತಾನೆ. ಇಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಹೇಳುವುದು ಹದಿನೈದು ವರ್ಷದ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಕಷ್ಟ.

ಇದು ಕನ್ನಡದವರಿಗೆ ಹೊಸದೇ?

ಪೂರ್ತಿ ಹೊಸದಲ್ಲ. ಹತ್ತನೇ ಶತಮಾನದಲ್ಲೇ ಪಂಪ, ಅರ್ಜುನನನ್ನು ನಾಯಕ ಮಾಡಿ ಕಾವ್ಯ ಬರೆದರೂ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದ. ರನ್ನನ ದುರ್ಯೋಧನನ ಎತ್ತರ ನಮಗೆ ಗೊತ್ತೇ ಇದೆ. ಬಿ.ಎಂ.ಶ್ರೀ 1929ರಲ್ಲೇ ‘ಅಶ್ವತ್ಥಾಮನ್’ ನಾಟಕ ಬರೆದು ಅವನನ್ನು ದುರಂತ ನಾಯಕನನ್ನಾಗಿ ಮಾಡಿದ್ದರು.

ವ್ಯತ್ಯಾಸ ಇರುವುದು ಬೇರೆ ಕಡೆ. ಇವರೆಲ್ಲ ಕವಿಗಳಾಗಿ, ನಾಟಕಕಾರರಾಗಿ ಕಥೆಯನ್ನು ಹೊಸದಾಗಿ ಕಟ್ಟಿದರು. ಕವಿಗೆ ಮೂಲವನ್ನು ಬದಲಿಸುವ ಸ್ವಾತಂತ್ರ್ಯ ಇದೆ. ವಿಮರ್ಶಕನಿಗೆ ಅದು ಇಲ್ಲ. ಮಾರಾರ್ ಒಂದು ಘಟನೆಯನ್ನೂ ಬದಲಿಸದೆ, ವ್ಯಾಸ ಬರೆದದ್ದನ್ನೇ ಸಾಕ್ಷಿಯಾಗಿ ನಿಲ್ಲಿಸಿ ವಾದಿಸಬೇಕಿತ್ತು. ಮಹಾಭಾರತದ ಪಾತ್ರಗಳನ್ನು ಮನುಷ್ಯರಂತೆ ನೋಡುವ ಪ್ರಬಂಧಗಳೆಂದರೆ ಭಾರತದಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಇರಾವತಿ ಕರ್ವೆಯವರ ‘ಯುಗಾಂತ’. ಅದು ಬಂದದ್ದು 1967ರಲ್ಲಿ. ಮಾರಾರರ ಪುಸ್ತಕ ಅದಕ್ಕಿಂತ 17 ವರ್ಷ ಹಳೆಯದು. ಮಲಯಾಳಂನಾಚೆ ಅದರ ಹೆಸರು ಅಷ್ಟಾಗಿ ಕೇಳಿಬರಲಿಲ್ಲ ಎಂಬುದು ಬೇಸರದ ಸಂಗತಿ.

ಕಾಲವನ್ನೂ ಗಮನಿಸಬೇಕು. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಎಲ್ಲ ಜಾತಿಯವರೂ ನಡೆಯಬೇಕು ಎಂದು ವೈಕ್ಕಂ ಸತ್ಯಾಗ್ರಹ ನಡೆದದ್ದು 1924-25ರಲ್ಲಿ. ದೇವಸ್ಥಾನದ ಒಳಗೆ ಬಿಡಬೇಕು ಎಂದು ಗುರುವಾಯೂರು ಸತ್ಯಾಗ್ರಹ ಶುರುವಾದದ್ದು 1931ರಲ್ಲಿ, ಅದೂ ಮಾರಾರರ ಊರಿಗೆ ದೂರವೇನಲ್ಲದ ಜಾಗದಲ್ಲಿ. 1950ರಲ್ಲಿ ಈ ಪುಸ್ತಕ ಕೈಗೆತ್ತಿಕೊಂಡ ಮಲಯಾಳಿ ಓದುಗರು ಇದನ್ನೆಲ್ಲ ಕಂಡವರು. ನಿನ್ನ ಕುಲ ಯಾವುದು ಎಂದು ತುಂಬಿದ ಸಭೆಯಲ್ಲಿ ಕೇಳುವ ಪ್ರಶ್ನೆ ಅವರಿಗೆ ದ್ವಾಪರಯುಗದ ಮಾತಾಗಿ ಕೇಳಿಸಿರಲಾರದು.

ಪಕ್ಷಪಾತ ಮಾಡಬೇಕು ಎಂದರೆ ಏನರ್ಥ?

ಮಾರಾರರ ಇನ್ನೊಂದು ಮಾತು ಇದಕ್ಕಿಂತ ಜಾಸ್ತಿ ಗದ್ದಲ ಎಬ್ಬಿಸಿತು. ವಿಮರ್ಶಕ ನಿಷ್ಪಕ್ಷಪಾತಿ ಆಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ ಅಲ್ವಾ? ಮಾರಾರ್ ಅದನ್ನು ಒಪ್ಪಲಿಲ್ಲ. ವಿಮರ್ಶಕನಿಗೆ ಪಕ್ಷ ಇರಲೇಬೇಕು ಎಂದರು. ಪಕ್ಷವೇ ಇಲ್ಲದ ವಿಮರ್ಶೆ ಎಂಬುದೇ ಇಲ್ಲ ಎಂಬುದು ಅವರ ವಾದ.

ಕೇಳಿದ ಕೂಡಲೇ ಇದು ತಪ್ಪು ಅನ್ನಿಸುತ್ತದೆ. ಊರಿನ ನ್ಯಾಯ ಪಂಚಾಯಿತಿಯನ್ನು ನೆನಪಿಸಿಕೊಂಡರೆ ಸುಲಭವಾಗಿ ಅರ್ಥವಾಗುತ್ತದೆ. ಇಬ್ಬರು ಬದುವಿನ ಜಗಳ ತಂದಿದ್ದಾರೆ. ಹಿರಿಯರು ಕೂತು ಇಬ್ಬರ ಮಾತನ್ನೂ ಪೂರ್ತಿ ಕೇಳಬೇಕು, ಕಾಗದಪತ್ರ ನೋಡಬೇಕು, ಕಲ್ಲು ಎಲ್ಲಿತ್ತು ಅಂತ ಹೋಗಿ ನೋಡಬೇಕು. ಅಲ್ಲಿಯವರೆಗೆ ಯಾರ ಕಡೆಗೂ ವಾಲಬಾರದು. ಆದರೆ ಎಲ್ಲ ಮುಗಿದ ಮೇಲೂ ನಿಂದೂ ಸರಿ, ಅವನದೂ ಸರಿ ಎಂದು ಎದ್ದು ಹೋದರೆ ಆ ಹಿರಿಯರನ್ನು ಯಾರೂ ನಿಷ್ಪಕ್ಷಪಾತಿ ಅನ್ನುವುದಿಲ್ಲ, ಜಾರಿಕೊಂಡರು ಅನ್ನುತ್ತಾರೆ. ಬದು ಇಂಥವನದು ಎಂದು ಹೇಳಲೇಬೇಕು. ಯಾಕೆ ಎಂದೂ ಹೇಳಬೇಕು.

ಮಾರಾರ್ ಕೇಳಿದ್ದು ಈ ಎರಡನೇ ಭಾಗವನ್ನು. ಅದರಿಂದ ಮೊದಲ ಭಾಗಕ್ಕೆ ರಿಯಾಯಿತಿ ಸಿಗುವುದಿಲ್ಲ. ನಮ್ಮ ಜಾತಿಯವನು, ನಮ್ಮ ಗೆಳೆಯ, ನಮ್ಮ ಪಾರ್ಟಿಯವನು ಎಂದು ಹೊಗಳುವುದು ಬೇರೆ. ಓದಿ, ತೂಗಿ, ನನಗೆ ಇದು ಸರಿ ಕಾಣುತ್ತದೆ ಎಂದು ಎದ್ದುನಿಂತು ಹೇಳುವುದು ಬೇರೆ. ಪಕ್ಷವನ್ನು ಮುಚ್ಚಿಟ್ಟು ನಾನು ನಡುವೆ ಇದ್ದೇನೆ ಎನ್ನುವವರಿಗಿಂತ, ನನ್ನ ಪಕ್ಷ ಇದು, ಕಾರಣ ಇವು, ಬೇಕಾದರೆ ಮುರಿಯಿರಿ ಎನ್ನುವವರ ಜೊತೆ ಜಗಳವಾಡುವುದು ಓದುಗರಿಗೂ ಸುಲಭ.

ಕಲೆ ಯಾರಿಗಾಗಿ?

1930ರ ದಶಕದ ಕೊನೆಯಿಂದ ಕೇರಳದಲ್ಲಿ ಪ್ರಗತಿಪರ ಸಾಹಿತ್ಯದ ಚಳವಳಿ ಜೋರಾಯಿತು. 1937ರಲ್ಲಿ ಜೀವತ್‌ಸಾಹಿತ್ಯ ಸಂಘ ಎಂಬುದು ಹುಟ್ಟಿತು, ಅದೇ ಮುಂದೆ ಪುರೋಗಮನ ಸಾಹಿತ್ಯ ಸಂಘಟನೆ ಆಯಿತು. ಸಾಹಿತ್ಯ ಬಡವರ, ಕೂಲಿಗಳ ಬದುಕನ್ನು ಹೇಳಬೇಕು, ಸಮಾಜ ಬದಲಾಗಲು ನೆರವಾಗಬೇಕು ಎಂಬುದು ಅವರ ನಿಲುವು. ನಮ್ಮಲ್ಲಿ ಅ.ನ.ಕೃ. ಕಾಲದ ಪ್ರಗತಿಶೀಲ ಚಳವಳಿ ಇದೇ ಗಾಳಿಯದು.

ಎದುರು ಪಕ್ಷದವರು, ಕಲೆಗೆ ಬೇರೆ ಉದ್ದೇಶ ಬೇಡ, ಚೆಲುವೇ ಸಾಕು ಎಂದರು. ಕಲೆ ಕಲೆಗಾಗಿ, ಕಲೆ ಬದುಕಿಗಾಗಿ ಎಂಬ ಎರಡು ಘೋಷಣೆಗಳು ಪರಸ್ಪರ ಬಡಿದಾಡಿದವು. ಪ್ರಗತಿಪರರ ಒಳಗೂ ಒಡಕು ಬಂತು. ವಿಷಯ ಒಳ್ಳೆಯದಿದ್ದರೆ ಸಾಲದು, ರೂಪವೂ ಗಟ್ಟಿಯಾಗಿರಬೇಕು ಎಂದು ಮುಂಡಶ್ಶೇರಿ ವಾದಿಸಿದರು. ಇದಕ್ಕೆ ರೂಪಭದ್ರತಾ ವಾದ ಎಂದು ಹೆಸರು ಬಿತ್ತು.

ಮಾರಾರ್ ಈ ಎರಡೂ ಘೋಷಣೆಗಳಿಗೆ ಸೇರಲಿಲ್ಲ. ಅವರ ಪುಸ್ತಕದ ಹೆಸರೇ ಅವರ ಉತ್ತರ: ‘ಕಲಾ ಜೀವಿತಂ ತನ್ನೆ’. ಕಲೆ ಎಂದರೆ ಬದುಕೇ. ಕಲೆಯನ್ನು ಬದುಕಿನ ಹೊರಗಿಟ್ಟರೆ ತಾನೇ ಅದು ಬದುಕಿಗಾಗಿ ಇದೆಯೋ ಇಲ್ಲವೋ ಎಂಬ ಪ್ರಶ್ನೆ? ಭಾರತಪರ್ಯಟನದ ಓದು ನೆನಪಿದ್ದರೆ ಇದು ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ಕರ್ಣನ ಅವಮಾನವನ್ನು ಅವರು ಕರುಣರಸ ಎಂದು ಹೆಸರಿಟ್ಟು ಮುಂದೆ ಹೋಗಲಿಲ್ಲ. ವರ್ಗ ಹೋರಾಟದ ಸಂಕೇತ ಎಂದೂ ಮಾಡಲಿಲ್ಲ. ಪಕ್ಕದ ಮನೆಯಲ್ಲಿ ನಡೆದ ಅನ್ಯಾಯವನ್ನು ಮಾತಾಡುವಷ್ಟೇ ಬಿಸಿಯಾಗಿ ಮಾತಾಡಿದರು.

1965ರ ಈ ಪುಸ್ತಕಕ್ಕೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೇರಳ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು.

ಒಪ್ಪದವರು ಏನು ಹೇಳುತ್ತಾರೆ?

ಆಕ್ಷೇಪಗಳು ಸಣ್ಣವೇನಲ್ಲ. ದೊಡ್ಡದು ಇದು: ಕರ್ಣನ ಪರ ವಕಾಲತ್ತು ವಹಿಸಿದರೆ ದ್ಯೂತಸಭೆಯನ್ನು ಏನು ಮಾಡುವುದು? ದ್ರೌಪದಿಯನ್ನು ಸೂಳೆ ಎಂದು ಕರೆದು, ಅವಳ ಬಟ್ಟೆ ಬಿಚ್ಚಿ ಎಂದವನು ವ್ಯಾಸಭಾರತದಲ್ಲಿ ಇದೇ ಕರ್ಣ. ಅಂದು ಆಡಿದ ಕಟು ಮಾತುಗಳಿಗೆ ತನಗೀಗ ಪಶ್ಚಾತ್ತಾಪ ಆಗುತ್ತಿದೆ ಎಂದು ಕರ್ಣನೇ ಉದ್ಯೋಗಪರ್ವದಲ್ಲಿ ಕೃಷ್ಣನಿಗೆ ಹೇಳುತ್ತಾನೆ, ನಿಜ. ಆದರೆ ಆ ಮಾತು ಪಾಂಡವರಿಗೆ ಆಡಿದ್ದರ ಬಗ್ಗೆ. ದ್ರೌಪದಿಯ ಹೆಸರು ಅಲ್ಲಿ ಬರುವುದಿಲ್ಲ. ಕರ್ಣನ ಪಕ್ಷ ಹಿಡಿಯುವ ಯಾರಿಗೇ ಆಗಲಿ ಇದು ದಾಟಲು ಕಷ್ಟವಾದ ಹೊಳೆ. ನನ್ನ ಮಟ್ಟಿಗೆ ಹೇಳುವುದಾದರೆ, ಯಾರೂ ಇದನ್ನು ಪೂರ್ತಿ ದಾಟಿಲ್ಲ.

ಎರಡನೆಯ ಆಕ್ಷೇಪ, ಕಾವ್ಯದ ಪಾತ್ರಗಳನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸಿ ಸರಿ ತಪ್ಪು ಕೇಳುವುದು ಸಾಹಿತ್ಯ ವಿಮರ್ಶೆಯೇ ಎಂಬುದು. ವಾಲ್ಮೀಕಿಯ ರಾಮನನ್ನೂ ಮಾರಾರ್ ಇದೇ ರೀತಿ ಮನುಷ್ಯನಾಗಿ ಎದುರಿಗೆ ನಿಲ್ಲಿಸಿ ಬರೆದರು. ಭಕ್ತರಿಗೆ ಅದು ನೋವಾಯಿತು, ಶುದ್ಧ ಸೌಂದರ್ಯವಾದಿಗಳಿಗೆ ಕಿರಿಕಿರಿಯಾಯಿತು. ಇನ್ನು ಕಾದಂಬರಿ, ಸಣ್ಣಕಥೆಗಳಿಗಿಂತ ಕಾವ್ಯದ ಮೇಲೆ, ಹೊಸದಕ್ಕಿಂತ ಹಳೆಯದರ ಮೇಲೆ ಅವರ ಗಮನ ಜಾಸ್ತಿ ಇತ್ತು. ಆ ಕಾಲದ ಮಲಯಾಳಂನಲ್ಲಿ ಬಷೀರ್, ತಕಳಿ, ಕೇಶವದೇವ್ ಅವರಂಥ ಕಥೆಗಾರರು ಬರೆಯುತ್ತಿದ್ದರು ಎಂಬುದನ್ನು ನೆನೆದರೆ ಇದು ಕೊರತೆಯೇ.

ಕೊನೆಯ ವರ್ಷಗಳಲ್ಲಿ ಅವರು ಅಧ್ಯಾತ್ಮದ ಕಡೆ ವಾಲಿದರು. ಪಾತ್ರಗಳಿಂದ ದೈವತ್ವವನ್ನು ಕಳಚಿ ನೋಡಿದವರೇ ಹೀಗೆ ಆದದ್ದು ಕೆಲವರಿಗೆ ಆಶ್ಚರ್ಯ ತಂದಿತು. ದೇವಸ್ಥಾನದ ಅಂಗಳದಲ್ಲಿ ಬೆಳೆದವರ ಬದುಕಿನಲ್ಲಿ ಅದು ಅಷ್ಟು ದೊಡ್ಡ ತಿರುವೇನಲ್ಲ ಎಂದೂ ವಾದಿಸಬಹುದು. 1973ರ ಏಪ್ರಿಲ್ 6ರಂದು ಮಾರಾರ್ ತೀರಿಕೊಂಡರು.

ಆಮೇಲೆ ಏನಾಯಿತು?

ಮಹಾಭಾರತವನ್ನು ಮನುಷ್ಯರ ಕಥೆಯಾಗಿ ಓದುವ ದಾರಿ ಮಲಯಾಳಂನಲ್ಲಿ ಆಮೇಲೆ ಅಗಲವಾಯಿತು. ಮಾರಾರ್ ತೀರಿಕೊಂಡ ಅದೇ 1973ರಲ್ಲಿ ಪಿ.ಕೆ. ಬಾಲಕೃಷ್ಣನ್ ಅವರ ಕಾದಂಬರಿ ‘ಇನಿ ಞಾನ್ ಉರಙಟ್ಟೆ’ ಬಂತು. ಅದರ ಕೇಂದ್ರದಲ್ಲಿ ಇರುವುದು ಕರ್ಣ. ಯುದ್ಧ ಮುಗಿದ ಮೇಲೆ ಅವನು ಯಾರೆಂದು ತಿಳಿದು ಯುಧಿಷ್ಠಿರ ಕುಸಿಯುತ್ತಾನೆ, ದ್ರೌಪದಿಗೆ ನಿದ್ದೆ ಬರುವುದಿಲ್ಲ. ಕರ್ಣನನ್ನು ದ್ರೌಪದಿಯ ಮನಸ್ಸಿನ ಎದುರೇ ತಂದು ನಿಲ್ಲಿಸಿದ್ದರಿಂದ, ಮೇಲೆ ಹೇಳಿದ ದೊಡ್ಡ ಆಕ್ಷೇಪಕ್ಕೆ ಕಾದಂಬರಿ ನೇರವಾಗಿ ಮುಖ ಕೊಟ್ಟಂತಾಯಿತು.

ಎಂ.ಟಿ. 1950ರ ದಶಕದ ಕೊನೆಯಲ್ಲಿ ಮಾತೃಭೂಮಿ ಸೇರಿದಾಗ ಮಾರಾರ್ ಇನ್ನೂ ಅದೇ ಸಂಸ್ಥೆಯಲ್ಲಿ ಪ್ರೂಫ್ ನೋಡುತ್ತಿದ್ದರು. ‘ರಂಡಾಮೂಳಂ’ ಮುಗಿಸಿ ಎಂ.ಟಿ. ಬರೆದ ಟಿಪ್ಪಣಿಯಲ್ಲಿ, ವ್ಯಾಸ ಮೌನವಾಗಿ ಬಿಟ್ಟ ಜಾಗಗಳನ್ನು ಹಿಡಿದು ತಾನು ಬರೆದಿದ್ದೇನೆ ಎನ್ನುತ್ತಾರೆ. ಅಲ್ಲಿ ಮಾರಾರರಿಗೂ ಅವರಿಗೂ ದಾರಿ ಬೇರೆಯಾಗುತ್ತದೆ. ಕಾದಂಬರಿಕಾರ ವ್ಯಾಸ ಹೇಳದೆ ಬಿಟ್ಟದ್ದನ್ನು ಹುಡುಕಿದರು. ಪ್ರೂಫ್‌ರೀಡರ್ ವ್ಯಾಸ ಹೇಳಿದ್ದನ್ನೇ, ನಾವು ಓದದೆ ಬಿಟ್ಟದ್ದನ್ನು, ಹುಡುಕಿದರು.

ಭಾರತಪರ್ಯಟನಂ ಈಗಲೂ ಅಚ್ಚಿನಲ್ಲಿದೆ. ಮಲಯಾಳಂ ಓದಲು ಬರುವ ಗೆಳೆಯರಿದ್ದರೆ ಒಂದು ಅಧ್ಯಾಯ ಓದಿ ಹೇಳಿಸಿಕೊಳ್ಳಬಹುದು. ಪಕ್ಕದಲ್ಲಿ ವ್ಯಾಸಭಾರತದ ಒಂದು ಕನ್ನಡ ಗದ್ಯಾನುವಾದ ಇಟ್ಟುಕೊಳ್ಳಿ. ಮಾರಾರ್ ಹೇಳಿದ್ದು ಅಲ್ಲಿ ಇದೆಯೋ ಇಲ್ಲವೋ ಎಂದು ತೆಗೆದು ನೋಡಿ. ಒಪ್ಪದಿದ್ದರೆ ಜಗಳವಾಡಿ.